ನಿವೃತ್ತಿಯ ನಂತರ ಈಮೇಲ್‌ನಿಂದ ಒಂದಿಷ್ಟು ಸಂಪಾದನೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗಣಿತದ ಮೇಷ್ಟ್ರಾಗಿ ರಿಟೈರ್ ಆದವನು. ಆರು ವರ್ಷದಿಂದ ವಾರಕ್ಕೊಂದು ಮೇಲ್ ಬರೆಯುತ್ತಿದ್ದೇನೆ, ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಒದ್ದಾಡುವ ಅಪ್ಪ ಅಮ್ಮಂದಿರಿಗಾಗಿ. ನಾನೇ ಬರೆದ ಅಭ್ಯಾಸ ಪುಸ್ತಕಗಳನ್ನು ಅದೇ ಮೇಲ್ ಮೂಲಕ ಪಿಡಿಎಫ್ ರೂಪದಲ್ಲಿ ಮಾರುತ್ತೇನೆ. ಹಳೆಯ ಸಹೋದ್ಯೋಗಿಗಳು ಒಬ್ಬೊಬ್ಬರೇ ರಿಟೈರ್ ಆಗಿ ಫೋನ್ ಮಾಡುತ್ತಾರೆ. ಎಲ್ಲರದೂ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು.

ಇದರಿಂದ ನಿಜವಾಗಲೂ ದುಡ್ಡು ಬರುತ್ತದಾ?

ಬರುತ್ತದೆ, ಆದರೆ ನಿಧಾನಕ್ಕೆ. ಅದೂ ಪಿಂಚಣಿಗೆ ಬದಲಾಗಿ ಅಲ್ಲ, ಪಿಂಚಣಿಯ ಜೊತೆಗೆ. ಮೊದಲ ಎಂಟು ತಿಂಗಳು ನನಗೆ ಒಂದು ಬಿಡಿಗಾಸೂ ಬರಲಿಲ್ಲ. ಒಂಬತ್ತನೇ ತಿಂಗಳಲ್ಲಿ ಒಂದೇ ಒಂದು ಪುಸ್ತಕ ಮಾರಾಟವಾಯಿತು. ಹೆಂಡತಿಯನ್ನು ಕರೆದು ತೋರಿಸಿದೆ. "ಒಂಬತ್ತು ತಿಂಗಳಿಗೆ ಇಷ್ಟೇನಾ?" ಅಂದಳು. ಈಗ ಕರೆಂಟು, ಫೋನು, ಔಷಧಿ ಖರ್ಚು ಇದರಲ್ಲೇ ಕಳೆಯುತ್ತದೆ. ಕೆಲವು ತಿಂಗಳು ಮಿಕ್ಕುತ್ತದೆ, ಕೆಲವು ತಿಂಗಳು ಔಷಧಿಗೂ ಸಾಲುವುದಿಲ್ಲ.

ಬರುವ ತಿಂಗಳೇ ದುಡ್ಡು ಬೇಕು ಅನ್ನುವ ಸ್ಥಿತಿಯಲ್ಲಿದ್ದರೆ ಇದು ನಿಮಗಲ್ಲ. ಒಂದೆರಡು ಮಕ್ಕಳಿಗೆ ಟ್ಯೂಷನ್ ಹೇಳಿ, ಬೇಗ ಕೈಗೆ ಸಿಗುತ್ತದೆ.

ಈಮೇಲ್ ಮಾರ್ಕೆಟಿಂಗ್ ಅಂದರೆ ಕಂಡಕಂಡವರಿಗೆಲ್ಲ ಜಾಹೀರಾತು ಕಳಿಸೋದು, ಅಲ್ವಾ?

ಅದಕ್ಕೆ ಸ್ಪ್ಯಾಮ್ ಅಂತ ಬೇರೆ ಹೆಸರೇ ಇದೆ. ಅದರ ವಯಸ್ಸೂ ಕಡಿಮೆಯೇನಲ್ಲ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ, @ ಚಿಹ್ನೆ ಬಳಸಿ, ರೇ ಟಾಮ್ಲಿನ್ಸನ್ ಮೊದಲ ಮೇಲ್ ಕಳಿಸಿದ್ದು 1971ರಲ್ಲಿ. ಏಳೇ ವರ್ಷಕ್ಕೆ, 1978ರ ಮೇ ತಿಂಗಳಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಗ್ಯಾರಿ ಥರ್ಕ್ ತಮ್ಮ ಕಂಪನಿಯ ಕಂಪ್ಯೂಟರುಗಳ ಜಾಹೀರಾತನ್ನು ಸುಮಾರು 400 ಜನಕ್ಕೆ ಒಟ್ಟಿಗೆ ಕಳಿಸಿಬಿಟ್ಟರು. ಯಾರೂ ಕೇಳಿರಲಿಲ್ಲ. ಬೈಸಿಕೊಂಡರು.

ನಾವು ಮಾಡುವುದು ಇದರ ತಿರುವುಮುರುವು. "ನನಗೂ ಕಳಿಸಿ" ಎಂದು ಯಾರು ತಾವಾಗಿ ವಿಳಾಸ ಕೊಟ್ಟಿದ್ದಾರೋ ಅವರಿಗೆ ಮಾತ್ರ ಬರೆಯುವುದು. ಬಹಳಷ್ಟು ಸಲ ಸುಮ್ನೆ ಉಪಯೋಗದ ಮಾತು, ಆಗೊಮ್ಮೆ ಈಗೊಮ್ಮೆ "ನನ್ನ ಹತ್ತಿರ ಇಂಥದ್ದಿದೆ, ಬೇಕಾದರೆ ಕೊಳ್ಳಿ" ಎಂಬ ಮಾತು.

ವಾಟ್ಸಾಪ್, ಯೂಟ್ಯೂಬ್ ಇರುವಾಗ ಮೇಲ್ ಯಾರು ಓದುತ್ತಾರೆ?

ನಿಮ್ಮ ಫೋನಿನಲ್ಲಿ ಇವತ್ತು ಬೆಳಿಗ್ಗೆ ಎಷ್ಟು ಮೇಲ್ ತೆರೆದಿರಿ ಅಂತ ನೋಡಿಕೊಳ್ಳಿ. ಎರಡಾದರೂ ಇರುತ್ತವೆ. ಯೂಟ್ಯೂಬ್‌ನಲ್ಲಿ ನಿಮ್ಮ ವಿಡಿಯೊ ಯಾರಿಗೆ ಕಾಣಿಸಬೇಕು ಎಂದು ತೀರ್ಮಾನಿಸುವುದು ಕಂಪನಿ. ಮೇಲ್ ಹಾಗಲ್ಲ. ವಿಳಾಸಗಳ ಪಟ್ಟಿ ನಿಮ್ಮ ಕೈಯಲ್ಲಿರುತ್ತದೆ. ಇವತ್ತು ಬಳಸುತ್ತಿರುವ ಸೇವೆ ಸರಿಬರಲಿಲ್ಲ ಅಂದರೆ ಪಟ್ಟಿಯನ್ನು ಫೈಲ್ ಆಗಿ ಇಳಿಸಿಕೊಂಡು ಇನ್ನೊಂದು ಕಡೆ ಹೋಗಬಹುದು. ಇನ್ನೊಂದು ಮಾತು, ನಮ್ಮ ವಯಸ್ಸಿನವರಿಗೆ ಕ್ಯಾಮೆರಾ ಮುಂದೆ ನಿಲ್ಲುವುದಕ್ಕಿಂತ ಕಾಗದ ಬರೆಯುವುದು ಹೆಚ್ಚು ಅಭ್ಯಾಸ.

ನನಗೆ ಅಂಥದ್ದೇನೂ ಗೊತ್ತಿಲ್ಲ. ಯಾವುದರ ಬಗ್ಗೆ ಬರೆಯಲಿ?

ಈ ಮಾತನ್ನು ನನಗೆ ಹೇಳಿದವರಲ್ಲಿ ಮೂವತ್ತು ವರ್ಷ ಲೆಕ್ಕಪತ್ರ ನೋಡಿದವರಿದ್ದರು, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರಿದ್ದರು, ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದವರೂ ಇದ್ದರು. ಮೂವತ್ತು ವರ್ಷ ಮಾಡಿದ ಕೆಲಸ ನಮಗೆ ಗೊತ್ತಿರುವ ವಿಷಯ ಅಂತ ಅನ್ನಿಸುವುದೇ ಇಲ್ಲ. ಉಸಿರಾಡುವ ಹಾಗೆ ಆಗಿಬಿಟ್ಟಿರುತ್ತದೆ.

ಒಂದು ಪರೀಕ್ಷೆ ಇದೆ. ಜನ ನಿಮಗೆ ಫೋನ್ ಮಾಡಿ ಏನು ಕೇಳುತ್ತಾರೆ? ಒಂದೇ ಪ್ರಶ್ನೆಯನ್ನು ಮೂರು ಜನ ಬೇರೆ ಬೇರೆ ಹೊತ್ತಿನಲ್ಲಿ ಕೇಳಿದ್ದರೆ ಅದೇ ನಿಮ್ಮ ವಿಷಯ. ಆ ಹೊಲಿಗೆ ಮಿಷನ್ ರಿಪೇರಿಯವರಿಗೆ "ದಾರ ಯಾಕೆ ಪದೇ ಪದೇ ಕಡಿಯುತ್ತದೆ" ಎಂಬ ಪ್ರಶ್ನೆ ದಿನಾ ಬರುತ್ತಿತ್ತಂತೆ. ಸೂಜಿ ತಿರುಗುಮುರುಗು ಹಾಕಿರುತ್ತಾರೆ, ದಾರದ ಬಿಗಿ ಜಾಸ್ತಿ ಇರುತ್ತದೆ, ಸೂಜಿಯ ನಂಬರಿಗೂ ದಾರದ ದಪ್ಪಕ್ಕೂ ಹೊಂದಿರುವುದಿಲ್ಲ, ಬಾಬಿನ್ ಸುತ್ತಿದ್ದು ಸರಿ ಇರುವುದಿಲ್ಲ. ನೋಡಿ, ಮಾತಾಡುತ್ತಾ ಮಾತಾಡುತ್ತಾ ನಾಲ್ಕು ಮೇಲಿಗಾಗುವಷ್ಟು ಹೇಳಿಬಿಟ್ಟರು.

ವಿಷಯ ಚಿಕ್ಕದಾದಷ್ಟೂ ಒಳ್ಳೆಯದು. "ಆರೋಗ್ಯ" ಅಂದರೆ ಯಾರೂ ಬರುವುದಿಲ್ಲ. "ಹಾಸಿಗೆ ಹಿಡಿದ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ" ಅಂದರೆ ಬೇಕಾದವರು ಹುಡುಕಿಕೊಂಡು ಬರುತ್ತಾರೆ.

ದುಡ್ಡು ಯಾವ ದಾರಿಯಲ್ಲಿ ಬರುತ್ತದೆ?

ನಾಲ್ಕು ದಾರಿ ಇವೆ. ನೀವೇ ಮಾಡಿದ್ದನ್ನು ಮಾರುವುದು: ಪುಸ್ತಕ, ಅಭ್ಯಾಸದ ಹಾಳೆ, ಹೊಲಿಗೆಯ ನಮೂನೆ. ಗಂಟೆಯ ಲೆಕ್ಕದಲ್ಲಿ ಸಲಹೆ ಅಥವಾ ಪಾಠ ಹೇಳುವುದು. ಬೇರೆಯವರ ವಸ್ತುವನ್ನು ಶಿಫಾರಸು ಮಾಡಿ ಕಮಿಷನ್ ಪಡೆಯುವುದು, ಇದಕ್ಕೆ ಅಫಿಲಿಯೇಟ್ ಅನ್ನುತ್ತಾರೆ. ಇನ್ನೊಂದು, ಮೇಲಿಗೇ ಚಂದಾ ಇಡುವುದು. ಚಂದಾದ ಮೇಲ್ ಕಳಿಸಲು ಅನುಕೂಲ ಮಾಡಿಕೊಡುವ ಸಬ್‌ಸ್ಟ್ಯಾಕ್‌ನಂಥ ತಾಣಗಳಲ್ಲಿ ಇದು ಸುಲಭ, ಬಂದ ಚಂದಾದಲ್ಲಿ ಶೇ. 10ರಷ್ಟನ್ನು ಅವರು ಇಟ್ಟುಕೊಳ್ಳುತ್ತಾರೆ, ಹಣ ಪಾವತಿಯ ಶುಲ್ಕ ಬೇರೆ.

ನನ್ನನ್ನು ಕೇಳಿದರೆ ಮೊದಲನೆಯದೇ ವಾಸಿ. ಕಮಿಷನ್ ದಾರಿಯಲ್ಲಿ ಒಂದು ಕಷ್ಟ ಇದೆ. ಕೈಯಲ್ಲಿ ಹಿಡಿದು ನೋಡದ ವಸ್ತುವನ್ನೂ "ಚೆನ್ನಾಗಿದೆ" ಅನ್ನುವ ಆಸೆ ಬರುತ್ತದೆ. ಒಂದು ಸಲ ಓದುಗ ಮೋಸ ಹೋದರೆ ಮುಗಿಯಿತು. ಆ ದಾರಿಯೇ ಬೇಕು ಅಂದರೆ ಎರಡು ವಿಷಯ ನೋಡಿಕೊಳ್ಳಿ. ಮೇಲಿನಲ್ಲಿ ಲಿಂಕ್ ಹಾಕಲು ಆ ಕಂಪನಿಯ ನಿಯಮ ಒಪ್ಪುತ್ತದಾ ಅಂತ ಮೊದಲೇ ಓದಿ. "ನೀವು ಕೊಂಡರೆ ನನಗೂ ಸ್ವಲ್ಪ ಸಿಗುತ್ತದೆ" ಎಂದು ಲಿಂಕ್ ಪಕ್ಕದಲ್ಲೇ ಬರೆಯಿರಿ.

ಒಂದು ಲೆಕ್ಕ ಹಾಕಿ ತೋರಿಸಿ.

ಮೇಷ್ಟ್ರನ್ನು ಲೆಕ್ಕ ಕೇಳಿದರೆ ಬಿಡುತ್ತಾರಾ! ಉದಾಹರಣೆಗೆ ಅಂತ ಇಟ್ಟುಕೊಳ್ಳಿ, ಪಟ್ಟಿಯಲ್ಲಿ 400 ಜನ. ಮೇಲ್ ತೆರೆದವರು 150. ಪುಸ್ತಕದ ಲಿಂಕ್ ಒತ್ತಿದವರು 20. ಕೊಂಡವರು 3. ನಾನೂರಕ್ಕೆ ಮೂರು, ಅಂದರೆ ನೂರಕ್ಕೆ ಒಬ್ಬರೂ ಇಲ್ಲ.

ಈ ಮೂರನ್ನು ಆರು ಮಾಡುವುದು ಹೇಗೆ? ಎಲ್ಲರೂ ಹೇಳುವುದು "ಪಟ್ಟಿಯನ್ನು 800 ಮಾಡಿ" ಅಂತ. ಅದಕ್ಕೆ ವರ್ಷ ಹಿಡಿಯಬಹುದು. ಆದರೆ ಲಿಂಕ್ ಒತ್ತಿಯೂ ಕೊಳ್ಳದೆ ಹೋದ 17 ಜನ ಇದ್ದಾರಲ್ಲ, ಅವರು ಯಾಕೆ ಹೋದರು ಅಂತ ನೋಡಿ. ಈ ಕೆಲಸಕ್ಕೆ ಒಂದು ಸಂಜೆ ಸಾಕು. ನಾನು ಒಂದು ಮೇಲಿನಲ್ಲಿ ನೇರವಾಗಿ ಕೇಳಿಯೇ ಬಿಟ್ಟೆ: "ಪುಸ್ತಕ ನೋಡಿ ಯಾಕೆ ಬಿಟ್ಟಿರಿ?" ಒಬ್ಬ ತಾಯಿ ಬರೆದರು: "ಒಳಗೆ ಹೇಗಿದೆ ಅಂತ ಒಂದು ಪುಟವನ್ನೂ ತೋರಿಸಿಲ್ಲವಲ್ಲ ಸರ್." ಅಂಗಡಿಯಲ್ಲಿ ಪುಟ ತಿರುಗಿಸದೆ ನಾನೇ ಯಾವ ಪುಸ್ತಕವನ್ನೂ ಕೊಂಡವನಲ್ಲ! ಅವತ್ತೇ ನಾಲ್ಕು ಪುಟ ತೆರೆದಿಟ್ಟೆ. ಮುಂದಿನ ತಿಂಗಳಿಂದ ಮಾರಾಟ ಏರಿತು.

ವಿಳಾಸ ಎಲ್ಲಿಂದ ತರೋದು? ಲಿಸ್ಟ್ ಮಾರುತ್ತಾರಂತಲ್ಲ?

ಮಾರುತ್ತಾರೆ. ಕೊಳ್ಳಬೇಡಿ. ಅದರಲ್ಲಿ ಸತ್ತುಹೋದ ವಿಳಾಸಗಳಿರುತ್ತವೆ, ಸ್ಪ್ಯಾಮ್ ಕಳಿಸುವವರನ್ನು ಹಿಡಿಯಲೆಂದೇ ಇಟ್ಟ ಬಲೆಯ ವಿಳಾಸಗಳೂ ಇರುತ್ತವೆ. ಒಮ್ಮೆ ಸಿಕ್ಕಿಬಿದ್ದರೆ ಕೇಳಿ ಪಡೆಯುವವರಿಗೆ ಕಳಿಸುವ ಮೇಲ್ ಕೂಡ ಸ್ಪ್ಯಾಮ್ ಪೆಟ್ಟಿಗೆಗೆ ಹೋಗುತ್ತದೆ. ಒಳ್ಳೆಯ ಮೇಲ್ ಸೇವೆಗಳು ಕೊಂಡ ಪಟ್ಟಿಯನ್ನು ಒಪ್ಪುವುದೂ ಇಲ್ಲ.

ಸರಿಯಾದ ದಾರಿ ನಿಧಾನದ್ದು. ಮೊದಲ ಇಪ್ಪತ್ತು ಜನ ಪರಿಚಯದವರು, ಒಬ್ಬೊಬ್ಬರನ್ನೇ ಕೇಳಿ ಸೇರಿಸಿದವರು. ಆಮೇಲೆ ಒಂದು ಪುಟದ ಉಪಯುಕ್ತ ವಸ್ತುವನ್ನು ಬಿಟ್ಟಿಯಾಗಿ ಕೊಡಿ. ನನ್ನದು ಗೋಡೆಗೆ ಅಂಟಿಸುವ ಭಿನ್ನರಾಶಿಯ ಚಾರ್ಟ್. "ಮೇಲ್ ವಿಳಾಸ ಕೊಡಿ, ಚಾರ್ಟ್ ಕಳಿಸುತ್ತೇನೆ, ಮುಂದೆ ವಾರಕ್ಕೊಂದು ಮೇಲ್ ಬರುತ್ತದೆ" ಎಂದು ಬಿಡಿಸಿ ಹೇಳಿದ್ದೇನೆ. ಸೇರಿದವರಿಗೆ ಮೊದಲು ಒಂದು ದೃಢೀಕರಣದ ಮೇಲ್ ಹೋಗುತ್ತದೆ, ಅದರಲ್ಲಿನ ಲಿಂಕ್ ಒತ್ತಿದರಷ್ಟೇ ಪಟ್ಟಿಗೆ. ಕೆಲವರು ಅಲ್ಲೇ ಉದುರಿಹೋಗುತ್ತಾರೆ. ಹೋಗಲಿ ಬಿಡಿ.

ನನ್ನ ಜಿಮೇಲ್‌ನಿಂದಲೇ ಎಲ್ಲರಿಗೂ ಕಳಿಸಿದರೆ ಆಗಲ್ವಾ?

ನಾನೂ ಹಾಗೇ ಶುರು ಮಾಡಿದ್ದು. 63 ಜನರ ವಿಳಾಸವನ್ನು ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣಿಸದ ಜಾಗ) ಹಾಕುವ ಬದಲು ಸಿಸಿಯಲ್ಲಿ ಹಾಕಿ ಕಳಿಸಿದೆ. ಎಲ್ಲರ ವಿಳಾಸವೂ ಎಲ್ಲರಿಗೂ ಕಾಣಿಸಿತು. ಒಬ್ಬರು "ನನ್ನನ್ನು ತೆಗೆಯಿರಿ" ಎಂದು ಎಲ್ಲರಿಗೂ ಉತ್ತರಿಸಿದರು. ಇನ್ನೊಬ್ಬರು "ಎಲ್ಲರಿಗೂ ಯಾಕೆ ಕಳಿಸುತ್ತೀರಿ" ಎಂದು ಎಲ್ಲರಿಗೂ ಕಳಿಸಿದರು. ಸಂಜೆಯ ಹೊತ್ತಿಗೆ ನಲವತ್ತು ಮೇಲ್. ಹನ್ನೊಂದು ಜನ ಬಿಟ್ಟುಹೋದರು.

ಅದೂ ಅಲ್ಲದೆ ಬಿಟ್ಟಿ ಜಿಮೇಲ್ ಖಾತೆಯಲ್ಲಿ ದಿನಕ್ಕೆ 500 ಜನಕ್ಕಿಂತ ಜಾಸ್ತಿ ಕಳಿಸಲು ಆಗುವುದಿಲ್ಲ. ಬಿಟ್ಟುಹೋಗಲು ಬಟನ್ ಕೂಡ ಇರುವುದಿಲ್ಲ. ಮೇಲ್‌ಚಿಂಪ್, ಮೇಲರ್‌ಲೈಟ್, ಕಿಟ್, ಹೀಗೆ ಇದಕ್ಕೆಂದೇ ಇರುವ ಸೇವೆಗಳಿವೆ. ಚಿಕ್ಕ ಪಟ್ಟಿಗೆ ಬಿಟ್ಟಿ ಯೋಜನೆ ಕೊಡುವವರೂ ಇದ್ದಾರೆ. ಆ ಮಿತಿಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಸೇರುವ ದಿನವೇ ಓದಿಕೊಳ್ಳಿ. ಪಟ್ಟಿ ದೊಡ್ಡದಾದರೆ ಎಷ್ಟು ಕೊಡಬೇಕಾಗುತ್ತದೆ ಅನ್ನುವುದನ್ನೂ ಆಗಲೇ ನೋಡಿ.

ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತಾರೆ. ತಲೆ ತಿರುಗುತ್ತದೆ.

ಹೆಸರಿಗೆ ಹೆದರಬೇಡಿ. ಮೂರೂ ಸೇರಿ ಉತ್ತರಿಸುವುದು ಒಂದೇ ಪ್ರಶ್ನೆಗೆ: ಈ ಮೇಲ್ ನಿಜವಾಗಲೂ ನಿಮ್ಮಿಂದಲೇ ಬಂದಿದೆಯಾ? ಎಸ್‌ಪಿಎಫ್ ಅಂದರೆ ನಿಮ್ಮ ಪರವಾಗಿ ಯಾವ ಸರ್ವರುಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ. ಡಿಕಿಮ್ ಅಂದರೆ ಲಕೋಟೆಯ ಮೇಲಿನ ಅರಗಿನ ಮುದ್ರೆಯ ಹಾಗೆ, ದಾರಿಯಲ್ಲಿ ಯಾರೂ ತಿದ್ದಿಲ್ಲ ಅನ್ನುವುದಕ್ಕೆ ಗುರುತು. ಇವೆರಡೂ ತಾಳೆಯಾಗದಿದ್ದರೆ ಆ ಮೇಲನ್ನು ಏನು ಮಾಡಬೇಕು ಅಂತ ಹೇಳುವುದು ಡಿಮಾರ್ಕ್.

2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ, ಒಂದೇ ಒತ್ತಿಗೆ ಬಿಟ್ಟುಹೋಗುವ ಬಟನ್ ಕೂಡ ಕಡ್ಡಾಯ. ನಾವು ಅಷ್ಟು ದೊಡ್ಡವರಲ್ಲ. ಆದರೂ ಸ್ವಂತದ ಒಂದು ಡೊಮೈನ್ ಹೆಸರು (ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಕೊಂಡು, ಈ ಮೂರನ್ನೂ ಒಮ್ಮೆ ಸರಿಯಾಗಿ ಹಾಕಿಸಿಬಿಡಿ. ಮೇಲ್ ಸೇವೆಯವರೇ ಮೂರ್ನಾಲ್ಕು ಸಾಲು ಕೊಡುತ್ತಾರೆ. ಅದನ್ನು ಡೊಮೈನ್ ಕೊಂಡ ಕಡೆ ಅಂಟಿಸಬೇಕು, ಅಷ್ಟೇ. ನಾನು ಮೊಮ್ಮಗಳನ್ನು ಕೂರಿಸಿಕೊಂಡು ಮಾಡಿದೆ, ಅರ್ಧ ಗಂಟೆ ಹಿಡಿಯಿತು. ಅದರಲ್ಲಿ ಇಪ್ಪತ್ತು ನಿಮಿಷ ಪಾಸ್‌ವರ್ಡ್ ಹುಡುಕಿದ್ದಕ್ಕೆ.

ಮೇಲಿನಲ್ಲಿ ಏನು ಬರೆಯೋದು?

ಒಬ್ಬರೇ ಒಬ್ಬರಿಗೆ ಬರೆಯುವ ಹಾಗೆ ಬರೆಯಿರಿ. "ಆತ್ಮೀಯ ಓದುಗ ಮಿತ್ರರೇ" ಅಂದರೆ ಅದು ಭಾಷಣವಾಗುತ್ತದೆ. ನನಗೆ ಅತಿ ಹೆಚ್ಚು ಉತ್ತರ ತಂದ ಮೇಲುಗಳಲ್ಲಿ ಒಂದು ಇಲ್ಲಿದೆ. ಅದರ ಶೀರ್ಷಿಕೆ: "ಕೂಡಿದ ಮೇಲೆ ಕಡಿಮೆಯಾಯಿತು!"

"ನಿಮ್ಮ ಮಗು ½ಕ್ಕೆ ⅓ ಕೂಡಿಸಿ ⅖ ಅಂತ ಬರೆದಿದೆಯಾ? ಬೈಯಬೇಡಿ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ, ಅದರ ಪಾಡಿಗೆ ಅದು ಸರಿಯಾಗೇ ಇದೆ. ಒಂದೇ ಪ್ರಶ್ನೆ ಕೇಳಿ: ⅖ ಜಾಸ್ತಿಯೋ ½ ಜಾಸ್ತಿಯೋ? ಐದರಲ್ಲಿ ಎರಡು ಅಂದರೆ ಅರ್ಧಕ್ಕಿಂತ ಕಡಿಮೆ. ಅರ್ಧ ಇತ್ತು, ಅದಕ್ಕೆ ಇನ್ನಷ್ಟು ಸೇರಿಸಿದೆವು, ಕಡಿಮೆ ಹೇಗಾಯಿತು? ಇಷ್ಟು ಕೇಳಿ ಸುಮ್ಮನಿರಿ. ಮಗು ಏನು ಹೇಳಿತು ಅಂತ ನನಗೆ ಬರೆಯಿರಿ."

ಅಷ್ಟೇ. ಚಿತ್ರ ಇಲ್ಲ, ಬಣ್ಣ ಇಲ್ಲ. ಕೊನೆಯಲ್ಲಿ ಒಂದು ಸಾಲು: "ಇಂಥ ಅರವತ್ತು ಪ್ರಶ್ನೆ ನನ್ನ ಭಿನ್ನರಾಶಿ ಪುಸ್ತಕದಲ್ಲಿವೆ", ಅದಕ್ಕೊಂದು ಲಿಂಕ್. ಒಂದು ಮೇಲಿಗೆ ಒಂದೇ ವಿಷಯ, ಒಂದೇ ಲಿಂಕ್.

ಹಾಂ, ಹೆಸರು ಹಿಡಿದು ಕರೆಯುವ ಸೌಲಭ್ಯ ಬಹಳಷ್ಟು ಸೇವೆಗಳಲ್ಲಿ ಇದೆ. ಬಳಸುವ ಮೊದಲು ನಿಮಗೇ ಒಂದು ಕಳಿಸಿ ನೋಡಿ. "ನಮಸ್ಕಾರ ಹೆಸರು ಅವರೇ" ಎಂದು ನಾನು ಒಮ್ಮೆ ಮುನ್ನೂರು ಜನಕ್ಕೆ ಕಳಿಸಿದ್ದೇನೆ.

ಎಷ್ಟು ದಿನಕ್ಕೊಮ್ಮೆ? ಯಾವ ಹೊತ್ತಿಗೆ?

ವಾರಕ್ಕೊಮ್ಮೆ. ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ. ಮೂರು ತಿಂಗಳು ಸುಮ್ಮನಿದ್ದು ಆಮೇಲೆ "ಪುಸ್ತಕ ಕೊಳ್ಳಿ" ಅಂದರೆ ಅವರಿಗೆ ನೀವು ಯಾರು ಅಂತಲೇ ಮರೆತಿರುತ್ತದೆ. ಹೊತ್ತಿನ ಬಗ್ಗೆ ಜನ ಬಹಳ ವಾದ ಮಾಡುತ್ತಾರೆ. ನಿಮಗೆ ಅನುಕೂಲವಾದ ಒಂದು ದಿನ, ಒಂದು ಗಂಟೆ ಹಿಡಿದುಕೊಳ್ಳಿ, ಸಾಕು.

ಅರ್ಧಕ್ಕರ್ಧ ಜನ ತೆರೆದಿದ್ದಾರೆ ಅಂತ ತೋರಿಸುತ್ತಿದೆ. ಖುಷಿ ಪಡಬಹುದಾ?

ಸ್ವಲ್ಪ ತಡೆಯಿರಿ. ಮೇಲಿನೊಳಗೆ ಕಣ್ಣಿಗೆ ಕಾಣದ ಪುಟ್ಟ ಚಿತ್ರ ಒಂದು ಇರುತ್ತದೆ. ಅದು ಲೋಡ್ ಆದರೆ "ತೆರೆದರು" ಅಂತ ಲೆಕ್ಕ. 2021ರ ಸೆಪ್ಟೆಂಬರಿನಿಂದ ಆಪಲ್‌ನ ಮೇಲ್ ಆ್ಯಪ್‌ನಲ್ಲಿ ಬಂದಿರುವ ಖಾಸಗಿತನದ ವ್ಯವಸ್ಥೆಯನ್ನು ಆನ್ ಮಾಡಿಕೊಂಡವರಿಗೆ, ಅವರು ತೆರೆಯಲಿ ಬಿಡಲಿ, ಆ ಚಿತ್ರ ಮೊದಲೇ ಲೋಡ್ ಆಗಿರುತ್ತದೆ. ಹಾಗಾಗಿ ಆ ಸಂಖ್ಯೆ ಉಬ್ಬಿಕೊಂಡಿರುತ್ತದೆ. ಲಿಂಕ್ ಎಷ್ಟು ಜನ ಒತ್ತಿದರು, ಎಷ್ಟು ಜನ ಉತ್ತರ ಬರೆದರು, ಇವೆರಡನ್ನು ನೋಡಿ. ನನ್ನ ಮಟ್ಟಿಗೆ ಉತ್ತರವೇ ದೊಡ್ಡದು. ನನ್ನ ಮೂರು ಪುಸ್ತಕಗಳಲ್ಲಿ ಎರಡು ಓದುಗರ ಉತ್ತರದಿಂದಲೇ ಹುಟ್ಟಿದ್ದು.

ಯಾರಾದರೂ ಅನ್‌ಸಬ್‌ಸ್ಕ್ರೈಬ್ ಮಾಡಿದರೆ ಬೇಜಾರಾಗುತ್ತದೆ.

ಮೊದಲ ವರ್ಷ ನನಗೂ ನಿದ್ದೆ ಬರುತ್ತಿರಲಿಲ್ಲ. ಆದರೆ ಹೋಗುವವರು ಬಟನ್ ಒತ್ತಿ ಹೋಗುವುದೇ ಒಳ್ಳೆಯದು. ಬಟನ್ ಕಾಣದಿದ್ದರೆ "ಸ್ಪ್ಯಾಮ್" ಅಂತ ದೂರು ಒತ್ತುತ್ತಾರೆ. ಆ ದೂರು ಶೇ. 0.3 ಮುಟ್ಟಬಾರದು ಅನ್ನುತ್ತದೆ ಗೂಗಲ್. ಅಂದರೆ ಸಾವಿರಕ್ಕೆ ಮೂರು. ನಮ್ಮಂಥ ಚಿಕ್ಕ ಪಟ್ಟಿಯಲ್ಲಿ ಇಬ್ಬರು ಸಿಟ್ಟಾದರೂ ಸಾಕು. ಬಟನ್ ದೊಡ್ಡದಾಗಿಯೇ ಇರಲಿ.

ಕಾನೂನು ಏನಾದರೂ ಇದೆಯಾ?

ಇದೆ. ನೀವಿರುವ ದೇಶದ್ದು ಮಾತ್ರವಲ್ಲ, ಓದುಗರಿರುವ ದೇಶದ್ದೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದಲ್ಲಿ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ: ಶೀರ್ಷಿಕೆ ಮೋಸದ್ದಾಗಿರಬಾರದು, ಮೇಲಿನಲ್ಲಿ ನಿಮ್ಮ ಅಂಚೆ ವಿಳಾಸ ಇರಬೇಕು, ಬೇಡ ಅಂದವರನ್ನು ಕೆಲಸದ 10 ದಿನಗಳೊಳಗೆ ತೆಗೆಯಬೇಕು. ಯುರೋಪಿನಲ್ಲಿ 2018ರ ಮೇ 25ರಿಂದ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಇದೆ. ಮೊದಲೇ ಟಿಕ್ ಮಾಡಿಟ್ಟ ಚೌಕವನ್ನು ಅಲ್ಲಿ ಒಪ್ಪಿಗೆ ಅಂತ ಪರಿಗಣಿಸುವುದಿಲ್ಲ. ಕೆನಡಾದ ಕಾನೂನು 2014ರಿಂದ ಇನ್ನೂ ಬಿಗಿ. ಕೇಳಿದವರಿಗೆ ಮಾತ್ರ ಕಳಿಸಿ, ಬೇಡ ಅಂದ ಕೂಡಲೇ ತೆಗೆಯಿರಿ, ನೀವು ಯಾರು ಅಂತ ಬರೆಯಿರಿ. ಇಷ್ಟು ಮಾಡಿದರೆ ಇವುಗಳ ಬಹುಪಾಲು ಪಾಲಿಸಿದ ಹಾಗೆಯೇ. ಮನೆಯ ವಿಳಾಸ ಬರೆಯಲು ಹಿಂಜರಿಕೆ ಇದ್ದರೆ ಅಂಚೆ ಪೆಟ್ಟಿಗೆ ಬಾಡಿಗೆಗೆ ತೆಗೆದುಕೊಳ್ಳಬಹುದು.

ಇದನ್ನು ಕಲಿಸುವ ಕೋರ್ಸ್ ಇದೆಯಂತೆ. ನಿವೃತ್ತಿಯ ಹಣದಲ್ಲಿ ಸ್ವಲ್ಪ ಹಾಕಿ ಸೇರಲಾ?

ಬೇಡ. ಈ ಪುಟದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ರಿಟೈರ್ ಆದವರ ಕೈಗೆ ಒಮ್ಮೆಲೇ ದುಡ್ಡು ಬರುತ್ತದೆ ಅನ್ನುವುದು ನಮಗಿಂತ ಚೆನ್ನಾಗಿ ಗೊತ್ತಿರುವ ಜನ ಇದ್ದಾರೆ. ನನ್ನ ಜೊತೆ ಕೆಲಸ ಮಾಡಿದವರೊಬ್ಬರು ಹಾಗೇ ಸಿಕ್ಕಿಕೊಂಡರು. ಮೊದಲು ಬಿಟ್ಟಿ ತರಗತಿ. ಅದರ ಕೊನೆಯಲ್ಲಿ "ಇನ್ನು ಹತ್ತೇ ನಿಮಿಷ ಈ ಬೆಲೆ" ಎಂಬ ಗಡಿಯಾರ. ಸೇರಿದ ಮೇಲೆ "ಇದು ಬರೀ ಆರಂಭ, ಗುಟ್ಟು ಮುಂದಿನ ಹಂತದಲ್ಲಿದೆ" ಎಂದು ಅದಕ್ಕಿಂತ ದೊಡ್ಡ ಮೊತ್ತ. ಮೂರನೇ ಹಂತದಲ್ಲಿ ಅವರಿಗೆ ಹೇಳಿಕೊಟ್ಟದ್ದೇನು ಗೊತ್ತಾ? ಅದೇ ಕೋರ್ಸನ್ನು ಬೇರೆಯವರಿಗೆ ಮಾರಿ ಕಮಿಷನ್ ತೆಗೆದುಕೊಳ್ಳಿ ಅಂತ. ಅವರು ಮನೆಯಲ್ಲಿ ಹೇಳಿಕೊಳ್ಳಲಿಲ್ಲ, ನಾಚಿಕೆ. ಒಂದು ವರ್ಷದ ಮೇಲೆ ನನ್ನ ಹತ್ತಿರ ಹೇಳಿದರು.

"ದಿನಕ್ಕೆ ಒಂದು ಗಂಟೆ ಸಾಕು", "ಗ್ಯಾರಂಟಿ ಆದಾಯ", "ಎಲ್ಲ ರೆಡಿಮೇಡ್ ಇದೆ, ನೀವು ಕಳಿಸಿದರೆ ಆಯಿತು", ಇವುಗಳಲ್ಲಿ ಯಾವುದು ಕೇಳಿಸಿದರೂ ಫೋನ್ ಇಡಿ. ಶುರು ಮಾಡಲು ಬೇಕಾದದ್ದು ಒಂದು ಡೊಮೈನ್ ಹೆಸರು ಮತ್ತು ನಿಮ್ಮ ಸಮಯ. ಕಲಿಯಬೇಕಾದ್ದನ್ನೆಲ್ಲ ಮೇಲ್ ಸೇವೆಗಳೇ ತಮ್ಮ ಸಹಾಯ ಪುಟಗಳಲ್ಲಿ ಬಿಟ್ಟಿಯಾಗಿ ಬರೆದಿಟ್ಟಿವೆ.

ತೆರಿಗೆ, ಪಿಂಚಣಿಗೆ ತೊಂದರೆ?

ಇದೂ ಆದಾಯವೇ. ಮೊದಲ ಮಾರಾಟದಿಂದಲೇ ಒಂದು ನೋಟ್‌ಬುಕ್‌ನಲ್ಲಿ ಬಂದದ್ದು, ಖರ್ಚಾದದ್ದು ಬರೆದಿಡಿ. ಕೆಲವು ಪಿಂಚಣಿಗಳಲ್ಲಿ ಹೊರಗಿನ ದುಡಿಮೆಗೆ ಷರತ್ತು ಇರುತ್ತದೆ. ಶುರು ಮಾಡುವ ಮೊದಲೇ ಪಿಂಚಣಿ ಕೊಡುವ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಎಐ ಕೈಲಿ ಬರೆಸಬಹುದಾ?

ಕಾಗುಣಿತ ತಿದ್ದಿಸಿಕೊಳ್ಳಿ, ಶೀರ್ಷಿಕೆಗೆ ಹತ್ತು ಸಲಹೆ ಕೇಳಿ. ಇಡೀ ಮೇಲ್ ಬರೆಸಬೇಡಿ. ಜನ ನಿಮ್ಮ ಪಟ್ಟಿಗೆ ಸೇರಿದ್ದು ನಿಮ್ಮ ಮೂವತ್ತು ವರ್ಷದ ಅನುಭವಕ್ಕೆ.

ಹುಷಾರು ತಪ್ಪಿದರೆ? ಅಥವಾ ನಾನೇ ಇಲ್ಲದಿದ್ದರೆ?

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ. ನನ್ನ ಕಣ್ಣಿನ ಆಪರೇಷನ್ ಹೊತ್ತಿಗೆ ಐದು ಮೇಲ್ ಮೊದಲೇ ಬರೆದು ದಿನಾಂಕ ಹಾಕಿ ಇಟ್ಟಿದ್ದೆ, ತಾವಾಗಿ ಹೋದವು. ಈಗಲೂ ಯಾವಾಗಲೂ ನಾಲ್ಕು ಮೇಲ್ ಮುಂಗಡ ಇರುತ್ತವೆ. ಡೊಮೈನ್, ಮೇಲ್ ಸೇವೆ, ದುಡ್ಡು ಬರುವ ಖಾತೆ, ಈ ಮೂರರ ವಿವರ ಬರೆದ ಹಾಳೆ ಬೀರುವಿನಲ್ಲಿದೆ. ಹೆಂಡತಿಗೆ ಗೊತ್ತು. ಡೊಮೈನ್ ಪ್ರತಿ ವರ್ಷ ನವೀಕರಿಸಬೇಕು ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಕಳಿಸಿದ ಮೇಲೆ ತಪ್ಪು ಕಂಡರೆ?

ಹೋದದ್ದು ಹೋಯಿತು, ವಾಪಸ್ ಬರುವುದಿಲ್ಲ. ಲಿಂಕ್ ಕೆಟ್ಟಿದ್ದರೆ ತಕ್ಷಣ ಇನ್ನೊಂದು ಮೇಲ್ ಕಳಿಸಿ. ಸಣ್ಣ ಅಕ್ಷರದೋಷವಾದರೆ ಸುಮ್ಮನಿರಿ. ನಾನು ಒಮ್ಮೆ ಮಗ್ಗಿಯ ಮೇಲಿನಲ್ಲೇ ಏಳೆಂಟ್ಲ ಐವತ್ನಾಲ್ಕು ಅಂತ ಬರೆದುಬಿಟ್ಟಿದ್ದೆ. ಮರುದಿನ "ಐವತ್ತಾರು, ಕ್ಷಮಿಸಿ" ಎಂದು ಒಂದೇ ಸಾಲಿನ ಮೇಲ್ ಕಳಿಸಿದೆ. ಎಂಬತ್ತು ಉತ್ತರ ಬಂದವು. ಅರ್ಧದಷ್ಟು ಮಕ್ಕಳೇ ಬರೆದಿದ್ದವು.